ಲೌಡನ್ ಕೌಂಟಿ: ಖಜಾನೆಗೆ ಒಂದು ಬಾವಿ, ಜನರಿಗೆ ಇನ್ನೊಂದು

ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ವ್ಯಾಕ್ಸ್‌ಪೂಲ್ ರಸ್ತೆ. ಅದರ ಪಕ್ಕದಲ್ಲೇ ಒಂದು ಡೇಟಾ ಸೆಂಟರ್ ಇದೆ, ಅಂದರೆ ಇಂಟರ್ನೆಟ್ ನಡೆಸುವ ಸರ್ವರ್ ಅನ್ನುವ ಕಂಪ್ಯೂಟರ್‌ಗಳನ್ನು ಸಾಲುಸಾಲಾಗಿ ತುಂಬಿಟ್ಟ ಕಟ್ಟಡ. ಬೂದು ಬಣ್ಣದ ಗೋಡೆ, ನಾಲ್ಕು ಅಂತಸ್ತಿನ ಎತ್ತರ, ರಸ್ತೆ ಕಡೆ ಒಂದೂ ಕಿಟಕಿ ಇಲ್ಲ. ಹತ್ತಿರ ಹೋದರೆ ದೊಡ್ಡ ಫ್ಯಾನ್‌ಗಳ ಗುಂಯ್ ಅನ್ನುವ ಸದ್ದು ಹಗಲೂ ರಾತ್ರಿ ಕೇಳುತ್ತದೆ. ಸಂಜೆ ವಾಕಿಂಗ್ ಹೋದಾಗ ಅಲ್ಲಿ ನಿಂತಿರುವ ಕಾರುಗಳನ್ನು ಎಣಿಸುವುದು ನನಗೊಂದು ಅಭ್ಯಾಸವಾಗಿಬಿಟ್ಟಿದೆ. ಮೊನ್ನೆ ಹನ್ನೊಂದು ಇದ್ದವು. ನಮ್ಮೂರಿನ ಜಾತ್ರೆ ಮೈದಾನದಷ್ಟು ದೊಡ್ಡ ಕಟ್ಟಡಕ್ಕೆ ಹನ್ನೊಂದು ಕಾರು.

ರಸ್ತೆಯ ಆಚೆ ಬದಿ ಅದೇ ಥರದ ಇನ್ನೊಂದು ಕಟ್ಟಡ ಏಳುತ್ತಿದೆ. ಅಲ್ಲಿ ಬೆಳಿಗ್ಗೆ ಐದೂವರೆಗೆ ಪಿಕಪ್ ಟ್ರಕ್ಕುಗಳ ಸಾಲು. ನಂಬರ್ ಪ್ಲೇಟ್ ನೋಡಿದರೆ ವೆಸ್ಟ್ ವರ್ಜೀನಿಯಾ, ಮೇರಿಲ್ಯಾಂಡ್, ನಾರ್ತ್ ಕೆರೊಲಿನಾ. ಎಲೆಕ್ಟ್ರಿಷಿಯನ್‌ಗಳು, ಪೈಪ್ ಕೆಲಸದವರು, ಕ್ರೇನ್ ನಡೆಸುವವರು. ಕಟ್ಟುವಾಗ ಸಾವಿರಾರು ಜನ, ಕಟ್ಟಿದ ಮೇಲೆ ಬೆರಳೆಣಿಕೆ. ಈ ಎರಡು ಪಾರ್ಕಿಂಗ್ ಜಾಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಲೌಡನ್ ಕೌಂಟಿಯ ಅರ್ಧ ಕಥೆ ಗೊತ್ತಾಗುತ್ತದೆ.

ಲೌಡನ್ ಇರುವುದು ವರ್ಜೀನಿಯಾ ರಾಜ್ಯದಲ್ಲಿ, ವಾಷಿಂಗ್ಟನ್ ಡಿ.ಸಿ.ಯ ಪಶ್ಚಿಮಕ್ಕೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ ಅಂದುಕೊಳ್ಳಬಹುದು. ಆದರೆ ಇಲ್ಲಿ ಜಿಲ್ಲಾಧಿಕಾರಿ ಇಲ್ಲ. ಜನ ಆರಿಸಿ ಕಳಿಸುವ ಒಂಬತ್ತು ಮಂದಿಯ ಬೋರ್ಡ್ ಆಫ್ ಸೂಪರ್‌ವೈಸರ್ಸ್ ಬಜೆಟ್ ಮಾಡುತ್ತದೆ, ತೆರಿಗೆ ದರ ಇಡುತ್ತದೆ, ಯಾವ ಜಮೀನಿನಲ್ಲಿ ಏನು ಕಟ್ಟಬಹುದು ಅಂತ ತೀರ್ಮಾನಿಸುತ್ತದೆ. 1970ರಲ್ಲಿ ಇಲ್ಲಿದ್ದವರು ಬರೀ 37 ಸಾವಿರ ಜನ. ಡೈರಿ, ಕುದುರೆ, ಜೋಳದ ಹೊಲ, ಅಷ್ಟೇ. 2000ದ ಜನಗಣತಿಯಲ್ಲಿ 1,69,599. 2010ರಲ್ಲಿ 3,12,311. 2020ರಲ್ಲಿ 4,20,959. ಅಮೆರಿಕದಲ್ಲೇ ಅತಿ ಹೆಚ್ಚು ಕುಟುಂಬ ಆದಾಯ ಇರುವ ಕೌಂಟಿಗಳ ಪಟ್ಟಿ ತೆಗೆದರೆ ವರ್ಷ ವರ್ಷವೂ ಮೇಲ್ತುದಿಯಲ್ಲಿ ಇದರ ಹೆಸರು ಇರುತ್ತದೆ. ಇಲ್ಲಿನ ಕುಟುಂಬಗಳ ಮಧ್ಯಮ ಆದಾಯ (ಅರ್ಧ ಕುಟುಂಬಗಳಿಗೆ ಇದಕ್ಕಿಂತ ಜಾಸ್ತಿ, ಅರ್ಧಕ್ಕೆ ಕಡಿಮೆ) ಈಗ ವರ್ಷಕ್ಕೆ 1 ಲಕ್ಷ 70 ಸಾವಿರ ಡಾಲರ್ ದಾಟಿದೆ. ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಏಷ್ಯಾ ಮೂಲದವರು, ಅವರಲ್ಲಿ ದೊಡ್ಡ ಪಾಲು ಭಾರತೀಯರು. ಇದೇ ಕೌಂಟಿಯ ಆಶ್‌ಬರ್ನ್ ಊರಿನ ಅಂಗಡಿಯಲ್ಲಿ ಹಿಂದಿನಿಂದ ಯಾರೋ ಕನ್ನಡದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದರೆ ಈಗ ಯಾರೂ ತಿರುಗಿ ನೋಡುವುದಿಲ್ಲ.

ಹಾಗಾದರೆ ಎಲ್ಲ ಸರಿಯಾಗಿದೆ ಅಲ್ವಾ? ಅಂಕಿ ನೋಡಿದರೆ ಹಾಗೇ ಅನಿಸುತ್ತದೆ. ನನ್ನ ಆತಂಕ ಬೇರೆ. ಈ ಕೌಂಟಿಯ ಖಜಾನೆ ಒಂದು ಬಾವಿಯಿಂದ ನೀರು ಸೇದುತ್ತಿದೆ, ಇಲ್ಲಿನ ಜನ ಇನ್ನೊಂದು ಬಾವಿಯಿಂದ. ಖಜಾನೆಯ ಬಾವಿ ಈಗ ತುಂಬಿ ತುಳುಕುತ್ತಿದೆ. ಜನರ ಬಾವಿಯ ನೀರು 2025ರಿಂದ ಇಳಿಯುತ್ತಿದೆ. ಒಂದು ತುಂಬಿರುವುದರಿಂದ ಇನ್ನೊಂದು ಇಳಿಯುತ್ತಿರುವುದು ಕಣ್ಣಿಗೆ ಬೀಳುತ್ತಿಲ್ಲ.

ಮೊದಲ ಬಾವಿ: ಸರ್ವರ್ ಮೇಲಿನ ತೆರಿಗೆ

ಡೇಟಾ ಸೆಂಟರ್‌ಗಳು ಇಲ್ಲಿಗೇ ಯಾಕೆ ಬಂದವು? 1990ರ ದಶಕದ ಶುರುವಿನಲ್ಲಿ ಅಮೆರಿಕದ ಇಂಟರ್ನೆಟ್ ಕಂಪನಿಗಳು ಒಂದಕ್ಕೊಂದು ಸಂಪರ್ಕ ಮಾಡಿಕೊಳ್ಳುವ ಮುಖ್ಯ ಜಾಗಗಳಲ್ಲಿ ಒಂದು ಪಕ್ಕದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿತ್ತು. ಹೆಸರು ಮೇ-ಈಸ್ಟ್. ಆಮೇಲೆ ಮನೆಮನೆಗೆ ಇಂಟರ್ನೆಟ್ ಕೊಡುತ್ತಿದ್ದ ಎಒಎಲ್ ಕಂಪನಿ ಡಲ್ಲೆಸ್ ವಿಮಾನ ನಿಲ್ದಾಣದ ಬದಿಗೆ ಬಂತು. ಆ ದಶಕ ಮುಗಿಯುವ ಹೊತ್ತಿಗೆ ಡೇಟಾ ಸೆಂಟರ್ ಕಂಪನಿ ಈಕ್ವಿನಿಕ್ಸ್ ಆಶ್‌ಬರ್ನ್‌ನಲ್ಲಿ ಕಟ್ಟಡ ಹಾಕಿತು. ನೆಲದೊಳಗೆ ಫೈಬರ್ ಕೇಬಲ್ ಬಲೆ ಹರಡಿಕೊಂಡಿತು. ಸಮತಟ್ಟು ಜಮೀನು, ಅಗ್ಗದ ಕರೆಂಟು, ಹತ್ತಿರದಲ್ಲೇ ಕೇಂದ್ರ ಸರ್ಕಾರ ಅನ್ನುವ ದೊಡ್ಡ ಗಿರಾಕಿ. ಇದರ ಮೇಲೆ ವರ್ಜೀನಿಯಾ ರಾಜ್ಯ ಡೇಟಾ ಸೆಂಟರ್ ಯಂತ್ರಗಳ ಖರೀದಿಗೆ ಮಾರಾಟ ತೆರಿಗೆಯನ್ನೇ ಮಾಫಿ ಮಾಡಿತು. 2023ರ ಆರ್ಥಿಕ ವರ್ಷ ಒಂದರಲ್ಲೇ ಈ ಮಾಫಿಯಿಂದ ರಾಜ್ಯ ಬಿಟ್ಟುಕೊಟ್ಟ ದುಡ್ಡು 92.8 ಕೋಟಿ ಡಾಲರ್.

ಈಗ ಲೌಡನ್‌ನಲ್ಲಿ ಡೇಟಾ ಸೆಂಟರ್‌ಗಳ ಒಟ್ಟು ವಿಸ್ತೀರ್ಣ 4 ಕೋಟಿ ಚದರ ಅಡಿ ದಾಟಿದೆ. ಜಗತ್ತಿನ ಇಂಟರ್ನೆಟ್ ಓಡಾಟದ ಶೇ. 70ರಷ್ಟು ಇಲ್ಲಿಂದಲೇ ಹಾದು ಹೋಗುತ್ತದೆ ಅಂತ ಎಲ್ಲ ಕಡೆ ಬರೆಯುತ್ತಾರೆ. ಅದನ್ನು ನಂಬಬೇಡಿ. ಯಾರೂ ಅಳೆದು ಹೇಳಿದ ಅಂಕಿ ಅಲ್ಲ, ಬಾಯಿಂದ ಬಾಯಿಗೆ ಬಂದದ್ದು. ಆದರೆ ಒಂದೇ ಕಡೆ ಇಷ್ಟು ಡೇಟಾ ಸೆಂಟರ್ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ ಅನ್ನುವುದು ನಿಜ.

ಕೌಂಟಿಗೆ ಇದರಿಂದ ಆಗುವ ಲಾಭ ಅರ್ಥ ಆಗಬೇಕಾದರೆ ತೆರಿಗೆ ಲೆಕ್ಕ ನೋಡಬೇಕು. ರಾಜ್ಯ ಮಾಫಿ ಮಾಡಿದ್ದು ಕೊಳ್ಳುವಾಗಿನ ತೆರಿಗೆ. ಕೊಂಡ ಮೇಲೆ ಪ್ರತಿ ವರ್ಷ ಆ ಯಂತ್ರದ ಬೆಲೆಯ ಮೇಲೆ ಕೌಂಟಿ ತನ್ನದೇ ತೆರಿಗೆ ಹಾಕುತ್ತದೆ. ದರ 100 ಡಾಲರಿಗೆ 4.15 ಡಾಲರ್. ಮೊದಲ ವರ್ಷ ಖರೀದಿ ಬೆಲೆಯ ಅರ್ಧಕ್ಕೆ ತೆರಿಗೆ, ಎರಡನೇ ವರ್ಷ ಶೇ. 40ಕ್ಕೆ, ಹೀಗೆ ಇಳಿಯುತ್ತಾ ಐದನೇ ವರ್ಷಕ್ಕೆ ಶೇ. 10. ಅಂದರೆ 10,000 ಡಾಲರಿನ ಒಂದು ಸರ್ವರ್ ಮೊದಲ ವರ್ಷ 207 ಡಾಲರ್ ಚಿಲ್ಲರೆ ಕೊಡುತ್ತದೆ, ಐದನೇ ವರ್ಷ 41 ಡಾಲರ್ ಚಿಲ್ಲರೆ. ಇಂಥವು ಲಕ್ಷಗಟ್ಟಲೆ ಇವೆ. ಎಲ್ಲ ಸೇರಿ ವರ್ಷಕ್ಕೆ ಹತ್ತಿರ ಹತ್ತಿರ 100 ಕೋಟಿ ಡಾಲರ್.

ಬಂದ ದುಡ್ಡಿಗೆ ಪ್ರತಿಯಾಗಿ ಕೌಂಟಿಗೆ ಹೆಚ್ಚು ಖರ್ಚೂ ಇಲ್ಲ. ಒಂದು ಹೊಸ ಮನೆ ಕಟ್ಟಿದರೆ ಅಲ್ಲಿ ಮಕ್ಕಳಿರುತ್ತಾರೆ. ಶಾಲೆ ಬೇಕು, ಬಸ್ ಬೇಕು, ಪಾರ್ಕ್ ಬೇಕು, ಲೈಬ್ರರಿ ಬೇಕು. ಸರ್ವರ್‌ಗೆ ಇದ್ಯಾವುದೂ ಬೇಡ. ಡೇಟಾ ಸೆಂಟರ್‌ಗಳಿಗೆ ಒಂದು ಡಾಲರ್ ಸೇವೆ ಕೊಟ್ಟರೆ 26 ಡಾಲರ್ ತೆರಿಗೆ ಬರುತ್ತದೆ ಅಂತ ಕೌಂಟಿಯೇ ಹೇಳಿಕೊಳ್ಳುತ್ತದೆ.

ಮನೆ ಇರುವವರಿಗೆ ಇದು ನೇರವಾಗಿ ಮುಟ್ಟುತ್ತದೆ. 2012ರಲ್ಲಿ ಮನೆ ತೆರಿಗೆ 100 ಡಾಲರ್ ಬೆಲೆಗೆ 1.235 ಡಾಲರ್ ಇತ್ತು. 2025ರಲ್ಲಿ 0.805ಕ್ಕೆ ಇಳಿಯಿತು. 7 ಲಕ್ಷ ಡಾಲರ್ ಬೆಲೆಯ ಮನೆಗೆ ಹಳೇ ದರದಲ್ಲಿ 8,645 ಡಾಲರ್ ಕಟ್ಟಬೇಕಿತ್ತು, 2025ರ ದರದಲ್ಲಿ 5,635. ಮನೆಗಳ ಬೆಲೆಯೇ ಏರಿರುವುದರಿಂದ ಕೈಯಿಂದ ಹೋಗುವ ದುಡ್ಡು ಅಷ್ಟೇನೂ ಕಡಿಮೆ ಆಗಿಲ್ಲ, ಅದು ಬೇರೆ ಮಾತು. ಆದರೂ ವರ್ಷಕ್ಕೆ ಮೂರು ಸಾವಿರ ಡಾಲರ್ ವ್ಯತ್ಯಾಸ ಯಾರು ಬೇಡ ಅಂತಾರೆ? ನಮ್ಮ ಮಕ್ಕಳು ಓದುವ ಒಳ್ಳೆ ಶಾಲೆಗಳ ಹಿಂದೆ ಆ ಗುಂಯ್ ಅನ್ನುವ ಕಟ್ಟಡಗಳ ದುಡ್ಡಿದೆ. ಇದನ್ನು ಒಪ್ಪಿಕೊಳ್ಳದೆ ಡೇಟಾ ಸೆಂಟರ್‌ಗಳನ್ನು ಬರೀ ಬೈಯುವುದು ನ್ಯಾಯ ಅಲ್ಲ.

ಆದರೆ ಆ ಇಳಿಯುವ ಶೇಕಡಾವಾರು ಲೆಕ್ಕವನ್ನು ಇನ್ನೊಮ್ಮೆ ನೋಡಿ. ತೆರಿಗೆ ಇದೇ ಮಟ್ಟದಲ್ಲಿ ಬರುತ್ತಿರಬೇಕಾದರೆ ಕಂಪನಿಗಳು ಹಳೇ ಯಂತ್ರ ಎಸೆದು ಹೊಸದು ಹಾಕುತ್ತಲೇ ಇರಬೇಕು. ಅವರು ಎರಡು ವರ್ಷ ತಡ ಮಾಡಿದರೆ ಖಜಾನೆಗೆ ಪೆಟ್ಟು. ಇದು ಸುಮ್ನೆ ಹೆದರಿಸುವ ಮಾತಲ್ಲ. 2021ರ ಬಜೆಟ್ ವರ್ಷದಲ್ಲಿ ಕೌಂಟಿ ಹಾಕಿಕೊಂಡಿದ್ದ ಅಂದಾಜಿಗಿಂತ ಸುಮಾರು 6 ಕೋಟಿ ಡಾಲರ್ ಕಡಿಮೆ ಬಂತು. ಕಟ್ಟಡಗಳು ಎಲ್ಲೂ ಓಡಿ ಹೋಗಿರಲಿಲ್ಲ. ಒಳಗಿನ ಯಂತ್ರಗಳ ಲೆಕ್ಕ ತಪ್ಪಿತ್ತು, ಅಷ್ಟೇ. ಆಗಲೇ ಈ ಬಾವಿಯ ಆಳ ಎಷ್ಟು ಅಂತ ಕೇಳಬೇಕಿತ್ತು.

ಎಷ್ಟು ಕೆಲಸ ಕೊಡುತ್ತವೆ?

ವರ್ಜೀನಿಯಾ ಶಾಸನಸಭೆಗೆ ಜಾಯಿಂಟ್ ಲೆಜಿಸ್ಲೇಟಿವ್ ಆಡಿಟ್ ಅಂಡ್ ರಿವ್ಯೂ ಕಮಿಷನ್ ಅನ್ನುವ ತನಿಖಾ ಸಂಸ್ಥೆ ಇದೆ. ಇಲ್ಲಿನವರು ಜೆಲಾರ್ಕ್ ಅನ್ನುತ್ತಾರೆ. 2024ರ ಡಿಸೆಂಬರ್‌ನಲ್ಲಿ ಅದು ಡೇಟಾ ಸೆಂಟರ್‌ಗಳ ಮೇಲೆ ವರದಿ ಕೊಟ್ಟಿತು. ಉದ್ಯಮದ ಪರ ಇರುವವರೂ ವಿರುದ್ಧ ಇರುವವರೂ ಅದೇ ವರದಿಯಿಂದ ತಮಗೆ ಬೇಕಾದ್ದನ್ನು ಎತ್ತಿಕೊಳ್ಳುತ್ತಾರೆ. ರಾಜ್ಯದಲ್ಲಿ ಈ ಉದ್ಯಮದಿಂದ 74,000 ಉದ್ಯೋಗ ಅಂತ ಅದರಲ್ಲಿದೆ. ಅದನ್ನು ಎಲ್ಲರೂ ಹೇಳುತ್ತಾರೆ. ಅದೇ ವರದಿಯಲ್ಲಿ ಇನ್ನೂ ಎರಡು ಮಾತಿವೆ. ಈ ಉದ್ಯೋಗಗಳಲ್ಲಿ ಬಹುಪಾಲು ಕಟ್ಟುವ ಹಂತದವು. ಎರಡೂವರೆ ಲಕ್ಷ ಚದರ ಅಡಿಯ ಒಂದು ಡೇಟಾ ಸೆಂಟರ್ ಕಟ್ಟುವಾಗ ಕೆಲಸ ಜೋರಾಗಿರುವ ಹೊತ್ತಿನಲ್ಲಿ ಸುಮಾರು 1,500 ಜನ ಬೇಕು, ಕಟ್ಟಿದ ಮೇಲೆ ನಡೆಸುವುದಕ್ಕೆ ಸುಮಾರು 50 ಜನ ಸಾಕು. ಆ ಐವತ್ತರಲ್ಲೂ ಹೆಚ್ಚುಕಡಿಮೆ ಅರ್ಧ ಗುತ್ತಿಗೆಯವರು.

ನಾನು ಎಣಿಸಿದ ಹನ್ನೊಂದು ಕಾರಿಗೆ ಕಾರಣ ಇದೇ. ಪಾಳಿಯಲ್ಲಿ ಕೆಲಸ ಮಾಡುತ್ತಾರೆ. ಒಂದು ಹೊತ್ತಿಗೆ ಒಳಗಿರುವವರು ಅಷ್ಟೇ.

ಹಾಗಾಗಿ ಇಲ್ಲಿ ನಿಜವಾಗಿ ಬೇಡಿಕೆ ಇರುವುದು ಕಟ್ಟುವವರಿಗೆ. ವಾಷಿಂಗ್ಟನ್ ಸುತ್ತಲಿನ ಎಲೆಕ್ಟ್ರಿಷಿಯನ್‌ಗಳ ಯೂನಿಯನ್ ಲೋಕಲ್ 26ರಲ್ಲಿ ಪೂರ್ತಿ ಪಳಗಿದವರ ಕೂಲಿ ಗಂಟೆಗೆ 50 ಡಾಲರ್ ದಾಟುತ್ತದೆ. ಐದು ವರ್ಷ ಅಪ್ರೆಂಟಿಸ್ ಆಗಿರಬೇಕು. ಆದರೆ ಆ ಐದು ವರ್ಷವೂ ಸಂಬಳ ಬರುತ್ತದೆ, ಓದಿನ ಸಾಲ ಇಲ್ಲ. ನಾರ್ದರ್ನ್ ವರ್ಜೀನಿಯಾ ಕಮ್ಯುನಿಟಿ ಕಾಲೇಜಿನವರು ತಮ್ಮ ಲೌಡನ್ ಕ್ಯಾಂಪಸ್‌ನಲ್ಲಿ ಡೇಟಾ ಸೆಂಟರ್ ನಡೆಸುವುದಕ್ಕೇ ಒಂದು ಕೋರ್ಸ್ ಇಟ್ಟಿದ್ದಾರೆ. ಕರೆಂಟು, ಕೂಲಿಂಗ್, ಜನರೇಟರ್, ಸುರಕ್ಷತೆ ಎಲ್ಲ ಕಲಿಸುತ್ತಾರೆ.

ಇದನ್ನು ಬರೆಯುವಾಗ ನಮ್ಮವರ ಬಗ್ಗೆ ಒಂದು ಮಾತು ಹೇಳದೇ ಇರಲಾರೆ. ಇಲ್ಲಿನ ಕನ್ನಡ ಮನೆಗಳಲ್ಲಿ ಮಕ್ಕಳು ಹನ್ನೊಂದನೇ ಕ್ಲಾಸಿಗೆ ಬರುವಷ್ಟರಲ್ಲಿ ಕಂಪ್ಯೂಟರ್ ಸೈನ್ಸ್ ಅಥವಾ ಮೆಡಿಸಿನ್ ಅಂತ ತೀರ್ಮಾನ ಆಗಿರುತ್ತದೆ. ಮೂರನೇ ದಾರಿಯ ಮಾತೇ ಬರುವುದಿಲ್ಲ. ಗೊತ್ತಿರುವ ಒಂದು ಮನೆಯ ಹುಡುಗ ಕೈಕೆಲಸದಲ್ಲಿ ಬಹಳ ಚುರುಕು. ಮನೆಯ ಹಳೇ ಎಸಿ ಬಿಚ್ಚಿ ತಾನೇ ರಿಪೇರಿ ಮಾಡಿದವನು. ಅವನ ಅಪ್ಪನ ಹತ್ತಿರ ಆ ಕೋರ್ಸಿನ ಮಾತೆತ್ತಿದೆ. "ಅಲ್ರೀ, ವೈರ್ ಎಳೆಯೋದಕ್ಕಾ ನಾವು ಇಷ್ಟು ದೂರ ಬಂದಿದ್ದು?" ಅಂದರು. ಅವರ ನೋವು ನನಗೆ ಅರ್ಥ ಆಗುತ್ತದೆ. ಆದರೆ ಕಂಪ್ಯೂಟರ್ ಓದಿ ಹೊರಬಂದ ಮಕ್ಕಳು ಮೊದಲ ಕೆಲಸಕ್ಕೆ ನೂರಾರು ಅರ್ಜಿ ಹಾಕಿ ಕಾಯುತ್ತಿರುವುದನ್ನೂ ನಾನು ಇದೇ ಬೀದಿಯಲ್ಲಿ ನೋಡುತ್ತಿದ್ದೇನೆ.

ಜನರ ಬಾವಿ

ಲೌಡನ್‌ನ ಆ 1 ಲಕ್ಷ 70 ಸಾವಿರ ಡಾಲರ್ ಆದಾಯ ಎಲ್ಲಿಂದ ಬರುತ್ತದೆ? ಡೇಟಾ ಸೆಂಟರ್‌ಗಳಿಂದ ಅಲ್ಲ. ದೊಡ್ಡ ಪಾಲು ಬರುವುದು ಪೂರ್ವ ದಿಕ್ಕಿನಿಂದ. ವಾಷಿಂಗ್ಟನ್‌ನ ಸರ್ಕಾರಿ ಇಲಾಖೆಗಳು, ಫೇರ್‌ಫ್ಯಾಕ್ಸ್‌ನ ಗುತ್ತಿಗೆ ಕಂಪನಿಗಳು, ರಕ್ಷಣಾ ಇಲಾಖೆಯ ಸಾಫ್ಟ್‌ವೇರ್ ಕೆಲಸ. ಬೆಳಿಗ್ಗೆ ಡಲ್ಲೆಸ್ ಗ್ರೀನ್‌ವೇ ಟೋಲ್ ರಸ್ತೆಯಲ್ಲಿ ಪೂರ್ವಕ್ಕೆ ಹೋಗುವ ಕಾರುಗಳನ್ನು ನೋಡಿದರೆ ಸಾಕು. 1995ರಲ್ಲಿ ಶುರುವಾದ ಖಾಸಗಿ ರಸ್ತೆ ಅದು. ಉದ್ದ ಬರೀ 22 ಕಿಲೋಮೀಟರ್. ಒಂದು ಸಲ ಹೋಗಲು ಐದು ಡಾಲರಿಗಿಂತ ಜಾಸ್ತಿ. 2022ರ ನವೆಂಬರ್‌ನಲ್ಲಿ ಮೆಟ್ರೋದ ಸಿಲ್ವರ್ ಲೈನ್ ಆಶ್‌ಬರ್ನ್‌ವರೆಗೆ ಬಂತು. ಅದೂ ನಮ್ಮನ್ನು ಕೆಲಸಕ್ಕೆ ಹೊರಗೆ ಒಯ್ಯುವ ದಾರಿಯೇ.

ಈ ಬಾವಿಗೆ 2025ರಲ್ಲಿ ಏಟು ಬಿತ್ತು. ಕೇಂದ್ರ ಸರ್ಕಾರ ನೌಕರರನ್ನು ಕಡಿಮೆ ಮಾಡಲು ಹೊರಟಿತು. ರಾಜೀನಾಮೆ ಕೊಟ್ಟರೆ ಕೆಲವು ತಿಂಗಳ ಸಂಬಳ ಅಂತ ಎಲ್ಲರಿಗೂ ಇಮೇಲ್ ಬಂತು. ಬೇರೆ ದೇಶಗಳಿಗೆ ನೆರವು ಕೊಡುತ್ತಿದ್ದ ಯುಎಸ್‌ಎಐಡಿಯಂಥ ಇಡೀ ಸಂಸ್ಥೆಯೇ ಜುಲೈ ಹೊತ್ತಿಗೆ ಮುಚ್ಚಿತು. ಗುತ್ತಿಗೆಗಳು ರದ್ದಾದವು. ಮನೆಯಿಂದ ಕೆಲಸ ಮಾಡುತ್ತಿದ್ದವರು ವಾರದ ಐದೂ ದಿನ ಆಫೀಸಿಗೆ ಬರಬೇಕಾಯಿತು. ಮನೆಯಿಂದಲೇ ಕೆಲಸ ಅಂತ ನಂಬಿ ಇಷ್ಟು ದೂರ ಮನೆ ಕೊಂಡವರ ಲೆಕ್ಕಾಚಾರ ತಲೆಕೆಳಗಾಯಿತು.

ಖರ್ಚಿಗೆ ಸಂಸತ್ತಿನ ಒಪ್ಪಿಗೆ ಸಿಗದೆ ಅಕ್ಟೋಬರ್ 1ರಿಂದ ಕೇಂದ್ರ ಸರ್ಕಾರ ಬಾಗಿಲು ಹಾಕಿತು. 43 ದಿನ. ಇದೇ ಕೌಂಟಿಯ ಲೀಸ್‌ಬರ್ಗ್‌ನಲ್ಲಿ ವಾಷಿಂಗ್ಟನ್ ಸುತ್ತಲಿನ ಆಕಾಶವನ್ನು ನೋಡಿಕೊಳ್ಳುವ ವಿಮಾನ ಸಂಚಾರ ನಿಯಂತ್ರಣ ಕೇಂದ್ರ ಇದೆ. ಅಲ್ಲಿನ ಕಂಟ್ರೋಲರ್‌ಗಳು ಸಂಬಳ ಕೈಗೆ ಬರದಿದ್ದರೂ ಪಾಳಿಗೆ ಹೋಗುತ್ತಲೇ ಇದ್ದರು. ಅವರಿಗೆ ಆಮೇಲೆ ಬಾಕಿ ಸಿಕ್ಕಿತು. 2019ರ ಕಾನೂನು ಹಾಗೆ ಹೇಳುತ್ತದೆ. ಆದರೆ ಆ ಕಾನೂನು ಗುತ್ತಿಗೆ ಕಂಪನಿಯವರಿಗೆ ಅನ್ವಯ ಆಗುವುದಿಲ್ಲ. ನಮ್ಮ ಕನ್ನಡ ಸಂಘದ ಗೆಳತಿಯೊಬ್ಬರು ಒಂದು ಇಲಾಖೆಗೆ ಗುತ್ತಿಗೆ ಮೇಲೆ ಡೇಟಾಬೇಸ್ ಕೆಲಸ ಮಾಡುತ್ತಾರೆ. ದೀಪಾವಳಿ ದಿನ ಅವರ ಮನೆಗೆ ಹೋಗಿದ್ದೆವು. ಒಬ್ಬಟ್ಟು ಬಡಿಸುತ್ತಾ ಹೇಳಿದರು: "ಪಕ್ಕದ ಸೀಟಿನವರಿಗೆ ಹಿಂದಿನ ಸಂಬಳ ಬರುತ್ತೆ ಕಣ್ರೀ. ನನ್ನ ರಜೆ ಎಲ್ಲ ಮುಗೀತು. ಇನ್ನು ಬರೋದು ಏನೂ ಇಲ್ಲ." ಇಬ್ಬರೂ ಒಂದೇ ಕೋಣೆಯಲ್ಲಿ ಒಂದೇ ಕೆಲಸ ಮಾಡುವವರು.

ಇದರ ಹಿಂದಿನ ತಿಂಗಳು, ಸೆಪ್ಟೆಂಬರ್ 19ರಂದು, ಹೊರದೇಶದವರನ್ನು ಇಲ್ಲಿ ಕೆಲಸಕ್ಕೆ ಕರೆಸುವ ಎಚ್-1ಬಿ ವೀಸಾದ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂತು. ಈಗಾಗಲೇ ಇಲ್ಲಿರುವವರ ನವೀಕರಣಕ್ಕೆ ಅದು ಇಲ್ಲ ಅಂತ ಸರ್ಕಾರ ಮರುದಿನ ಹೇಳಿತು. ಆ ಒಂದು ರಾತ್ರಿ ಮಾತ್ರ ಬೆಂಗಳೂರಿಗೆ ರಜೆಗೆ ಹೋಗಿದ್ದವರ ಮನೆಗಳಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಬೆಂಗಳೂರಿನಿಂದ ಹೊಸಬರನ್ನು ಕರೆಸಿಕೊಂಡು ನಡೆಯುತ್ತಿದ್ದ ಸಣ್ಣ ಕನ್ಸಲ್ಟಿಂಗ್ ಕಂಪನಿಗಳಿಗೆ ಆ ದಾರಿ ಈಗ ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಆಶ್‌ಬರ್ನ್, ಬ್ರ್ಯಾಂಬಲ್ಟನ್ ಕಡೆ ಹೊಸದಾಗಿ ಬಂದು ಬಾಡಿಗೆಗೆ ಇರುತ್ತಿದ್ದವರು, ಎರಡು ವರ್ಷದಲ್ಲಿ ಟೌನ್‌ಹೌಸ್ ಕೊಳ್ಳುತ್ತಿದ್ದವರು ಅವರೇ.

ಇಷ್ಟಾದರೂ ಕೌಂಟಿ ಬಜೆಟ್ ಅಲುಗಾಡಲಿಲ್ಲ. ಸರ್ವರ್ ತೆರಿಗೆ ಬರುತ್ತಲೇ ಇದೆ. ಇದು ಒಳ್ಳೆಯದೇ. ಶಾಲೆಗೆ ದುಡ್ಡಿದೆ, ಆಹಾರ ಬ್ಯಾಂಕಿಗೆ ನೆರವು ಕೊಡುವಷ್ಟು ಶಕ್ತಿ ಇದೆ. ಆದರೆ ಮನೆ ತೆರಿಗೆಯ ಮೇಲೇ ನಿಂತಿದ್ದ ಹಳೇ ಕಾಲದ ಕೌಂಟಿಯಾಗಿದ್ದರೆ ಜನರ ಆದಾಯ ಕುಸಿದ ಕೂಡಲೇ ಬೋರ್ಡಿಗೆ ಗೊತ್ತಾಗುತ್ತಿತ್ತು. ಈಗ ಹಾಗಿಲ್ಲ.

ಜಮೀನು ಯಾರಿಗೆ?

ಎರಡು ಬಾವಿಗಳ ನಡುವೆ ಸಿಕ್ಕಿಕೊಂಡಿರುವುದು ಮೂರನೇ ಗುಂಪು. ಕೌಂಟಿಯನ್ನು ದಿನಾ ನಡೆಸುವವರು. ಟೀಚರ್‌ಗಳು, ಬಸ್ ಡ್ರೈವರ್‌ಗಳು, ನರ್ಸ್‌ಗಳು, ಅಂಗಡಿಯಲ್ಲಿ ನಿಲ್ಲುವವರು. ಲೌಡನ್‌ನಲ್ಲಿ ಅತಿ ಹೆಚ್ಚು ಜನಕ್ಕೆ ಕೆಲಸ ಕೊಡುವುದು ಅಮೆಜಾನ್ ಅಲ್ಲ, ಗೂಗಲ್ ಅಲ್ಲ. ಸರ್ಕಾರಿ ಶಾಲಾ ವ್ಯವಸ್ಥೆ. 80 ಸಾವಿರಕ್ಕಿಂತ ಜಾಸ್ತಿ ಮಕ್ಕಳಿದ್ದಾರೆ ಅದರಲ್ಲಿ. ಮನೆಗಳ ಮಧ್ಯಮ ಮಾರಾಟ ಬೆಲೆ 7 ಲಕ್ಷ ಡಾಲರ್ ದಾಟಿದ ಮೇಲೆ ಈ ಶಾಲೆಗಳಲ್ಲಿ ಕೆಲಸ ಮಾಡುವ ಎಷ್ಟೋ ಜನರಿಗೆ ಇಲ್ಲಿ ಮನೆ ಕನಸಿನ ಮಾತು.

ಕೌಂಟಿಗೆ ಇದು ಗೊತ್ತಿಲ್ಲ ಅಂತಲ್ಲ. ಹೊಸ ಬಡಾವಣೆಗಳಲ್ಲಿ ಒಂದಿಷ್ಟು ಮನೆಗಳನ್ನು ಕಡಿಮೆ ಬೆಲೆಗೆ ಮೀಸಲಿಡುವ ಯೋಜನೆ ಬಹಳ ವರ್ಷದಿಂದ ಇದೆ. 2021ರಲ್ಲಿ ವಸತಿ ಕೊರತೆಗೆ ಪ್ರತ್ಯೇಕ ಯೋಜನೆಯನ್ನೇ ಬೋರ್ಡ್ ಒಪ್ಪಿತು. ತೊಂದರೆ ಇರುವುದು ಜಮೀನಿನ ಬೆಲೆಯಲ್ಲಿ. ಡೇಟಾ ಸೆಂಟರ್ ಕಂಪನಿಗಳು ಎಕರೆಗೆ 30 ಲಕ್ಷ ಡಾಲರಿಗಿಂತ ಜಾಸ್ತಿ ಕೊಟ್ಟು ಕೊಳ್ಳುತ್ತವೆ. ಆ ಬೆಲೆಗೆ ಜಮೀನು ಕೊಂಡು ಟೀಚರ್ ಒಬ್ಬರು ಬಾಡಿಗೆ ಕಟ್ಟಬಲ್ಲ ಅಪಾರ್ಟ್‌ಮೆಂಟ್ ಕಟ್ಟುವ ಬಿಲ್ಡರ್ ಯಾರಿದ್ದಾರೆ? ಮೆಟ್ರೋ ಬಂದ ಜಾಗದ ಸುತ್ತ ಮನೆ, ಅಂಗಡಿ, ಆಫೀಸು ಬರಬೇಕಿತ್ತು. ಆದರೆ ಲೌಡನ್ ಗೇಟ್‌ವೇ ಸ್ಟೇಷನ್ನಿನಲ್ಲಿ ಇಳಿದು ಸುತ್ತ ನೋಡಿ. ಡೇಟಾ ಸೆಂಟರ್‌ಗಳೇ ಕಾಣುತ್ತವೆ.

ಕರೆಂಟಿನ ಕಥೆಯೇ ಇನ್ನೊಂದು ಲೇಖನ. 2022ರಲ್ಲಿ ಇಲ್ಲಿಗೆ ಕರೆಂಟು ಕೊಡುವ ಡೊಮಿನಿಯನ್ ಎನರ್ಜಿ ಕಂಪನಿ, ಪೂರ್ವ ಲೌಡನ್‌ಗೆ ಸಾಕಾಗುವಷ್ಟು ದೊಡ್ಡ ಲೈನುಗಳಿಲ್ಲ ಅಂತ ಕೈಚೆಲ್ಲಿತು. ಹೊಸ ಲೈನುಗಳು ಪಶ್ಚಿಮದ ಹೊಲ, ದ್ರಾಕ್ಷಿತೋಟಗಳ ಮೇಲೆ ಬರುತ್ತವೆ ಅಂತ ಅಲ್ಲಿನವರು ಹೋರಾಡುತ್ತಿದ್ದಾರೆ. 2040ರ ಹೊತ್ತಿಗೆ ಸಾಮಾನ್ಯ ಮನೆಯ ಬಿಲ್ ತಿಂಗಳಿಗೆ 14ರಿಂದ 37 ಡಾಲರ್ ಏರಬಹುದು ಅಂತ ಜೆಲಾರ್ಕ್ ಲೆಕ್ಕ.

2025ರ ಮಾರ್ಚ್‌ನಲ್ಲಿ ಬೋರ್ಡ್ ಒಂದು ದೊಡ್ಡ ತೀರ್ಮಾನ ತೆಗೆದುಕೊಂಡಿತು. ಅಲ್ಲಿಯವರೆಗೆ ಕೆಲವು ವಲಯಗಳಲ್ಲಿ ಡೇಟಾ ಸೆಂಟರ್ ಕಟ್ಟಲು ಬೋರ್ಡಿನ ಮುಂದೆ ಬರಬೇಕಾಗಿಯೇ ಇರಲಿಲ್ಲ. ನಿಯಮ ಪಾಲಿಸಿದರೆ ಸಾಕು, ಅನುಮತಿ ತಾನಾಗಿಯೇ ಸಿಗುತ್ತಿತ್ತು. ಇನ್ನು ಹಾಗಿಲ್ಲ. ಪ್ರತಿ ಹೊಸ ಅರ್ಜಿಯೂ ಬೋರ್ಡಿಗೆ ಬರಬೇಕು, ಜನರ ಮುಂದೆ ಚರ್ಚೆ ಆಗಬೇಕು. ಇದು ಹತ್ತು ವರ್ಷ ಮೊದಲೇ ಆಗಬೇಕಿತ್ತು ಅಂತ ನನ್ನ ಅನಿಸಿಕೆ. ಈಗಲಾದರೂ ಆಯಿತು. ಆದರೆ ಇದಕ್ಕೂ ಒಂದು ಬೆಲೆ ಇದೆ. ಕಟ್ಟುವುದು ನಿಧಾನ ಆದರೆ ಆ ಪಿಕಪ್ ಟ್ರಕ್ಕುಗಳು ದಕ್ಷಿಣದ ಬೇರೆ ಕೌಂಟಿಗಳಿಗೆ ಹೋಗುತ್ತವೆ. ಹಾಗಾಗಿ ತೆರಿಗೆ ಕೈತುಂಬಾ ಬರುತ್ತಿರುವ ಈ ಕೆಲವು ವರ್ಷಗಳಲ್ಲೇ ಬೋರ್ಡ್ ಆ ದುಡ್ಡಲ್ಲಿ ಜಮೀನು ಕೊಂಡು ಇಡಬೇಕು. ಶಾಲೆ ಹತ್ತಿರ, ಮೆಟ್ರೋ ಹತ್ತಿರ, ಇಲ್ಲಿ ಕೆಲಸ ಮಾಡುವವರ ಮನೆಗಳಿಗಾಗಿಯೇ. ಮನೆ ತೆರಿಗೆ ಇನ್ನೂ ಎರಡು ಸೆಂಟ್ ಇಳಿಸುವುದಕ್ಕಿಂತ ಇದು ನನಗೆ ಮುಖ್ಯ ಅನಿಸುತ್ತದೆ. ನನ್ನದೂ ಮನೆ ಇದೆ, ಆ ತೆರಿಗೆ ನಾನೂ ಕಟ್ಟುತ್ತೇನೆ.

ನಮ್ಮ ಬೀದಿಗೆ ಬರುವ ಶಾಲಾ ಬಸ್ಸಿನ ಡ್ರೈವರ್ ಒಬ್ಬ ಹೆಂಗಸು. ಆರು ವರ್ಷದಿಂದ ಅವರೇ. ನನ್ನ ಮಗಳನ್ನು ಹೆಸರು ಹಿಡಿದು ಕರೆಯುತ್ತಾರೆ, ಅದೂ ಸರಿಯಾದ ಉಚ್ಚಾರಣೆಯಲ್ಲಿ. ಇರುವುದು ವೆಸ್ಟ್ ವರ್ಜೀನಿಯಾದ ಚಾರ್ಲ್ಸ್ ಟೌನ್‌ನಲ್ಲಿ. ಬೆಳಗಿನ ಜಾವ ಮೂರೂವರೆಗೆ ಏಳುತ್ತಾರೆ. ರೂಟ್ 9ರಲ್ಲಿ ಬೆಟ್ಟ ದಾಟಿ ಬಂದು ಐದೂ ಕಾಲಿಗೆ ಬಸ್ ಡಿಪೋದಲ್ಲಿರಬೇಕು. ಚಳಿಗಾಲದಲ್ಲಿ ಹಿಮ ಬಿದ್ದರೆ ಇನ್ನೂ ಬೇಗ. ಕಳೆದ ವಾರ ಸ್ಟಾಪಿನಲ್ಲಿ ಸಿಕ್ಕಾಗ, ಬರುವ ವರ್ಷದಿಂದ ತಮ್ಮ ಊರಿನ ಶಾಲೆಯಲ್ಲೇ ಬಸ್ ಓಡಿಸುವುದಾಗಿ ಹೇಳಿದರು. ಸಂಬಳ ಇಲ್ಲಿಗಿಂತ ಕಡಿಮೆ. ಆದರೆ ನಿದ್ದೆ ದಿನಕ್ಕೆ ಎರಡು ಗಂಟೆ ಜಾಸ್ತಿ ಸಿಗುತ್ತದಂತೆ.